ಬಿಸ್ಮಿಲ್ಲಾಹ್ ಹೇಳಿದರಷ್ಟೇ ಸಾಕೇ?

ಕಾರವಾರ, ಅಂಕೋಲೆಯ ಅನೇಕ ಹಳ್ಳಿಗಳಲ್ಲಿ ಮನೆಯ ಹಿತ್ತಿಲು ಮುಗಿಯುವಲ್ಲಿಯೇ ಕಾಡು ಆರಂಭವಾಗುತ್ತದೆ. ಫಜ್ರ್ ನಮಾಝಿಗೆ ಎದ್ದವರಿಗೆ ಕಾಡುಕೋಳಿಯ ಕೂಗು ಕೇಳಿಸುವುದುಂಟು. ಇತ್ತೀಚೆಗೆ ನನ್ನ ತರಗತಿಯ ಬಾಲಕನೊಬ್ಬ ಕೇಳಿದ: "ಉಸ್ತಾದ್, ಕವಣೆಯ ಕಲ್ಲಿಗೆ ಬಿದ್ದ ಕಾಡುಕೋಳಿಯನ್ನು ಜೀವವಿರುವಾಗಲೇ ಬಿಸ್ಮಿಲ್ಲಾಹ್ ಹೇಳಿ ಕೊಯ್ದರೆ ಹಲಾಲ್ ಅಲ್ಲವೇ?"

ಜೀವವಿರುವಾಗಲೇ ಕ್ರಮಪ್ರಕಾರ ಕೊಯ್ದಿದ್ದರೆ ಆ ಮಾಂಸ ಹರಾಮ್ ಎಂದು ನಾನು ಹೇಳಲಾರೆ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಇಸ್ಲಾಮ್ ಬೇಟೆಯನ್ನು ಅನುಮತಿಸಿದೆ, ವಿನೋದದ ಹಿಂಸೆಯನ್ನಲ್ಲ. ಉರುಳಿನಲ್ಲಿ ಕತ್ತು ಬಿಗಿದು ಸತ್ತದ್ದು, ಹೊಡೆತದಿಂದ ಸತ್ತದ್ದು ನಿಷಿದ್ಧವೆಂದು ಸೂರಃ ಅಲ್ ಮಾಇದಃದ 3ನೆಯ ವಚನ ಸಾರುತ್ತದೆ. ಅದಿಯ್ಯ್ ಬಿನ್ ಹಾತಿಮ್(ರ)ರಿಗೆ ಪ್ರವಾದಿ(ಸ)ರು, ಆಯುಧದ ಮೊನೆ ಚುಚ್ಚಿ ಸತ್ತ ಬೇಟೆಯನ್ನು ತಿನ್ನಬಹುದು, ಅದರ ಅಡ್ಡಬದಿಯ ಪೆಟ್ಟಿಗೆ ಸತ್ತದ್ದನ್ನು ತಿನ್ನಬಾರದು ಎಂದು ಕಲಿಸಿದರು. ಬೆರಳಿನಿಂದ ಕಲ್ಲು ಚಿಮ್ಮಿಸುವುದನ್ನೂ ಅವರು ತಡೆದರು. ಅದು ಬೇಟೆಯನ್ನು ಕೊಲ್ಲದು, ಕಣ್ಣು ಕೀಳುತ್ತದೆ, ಹಲ್ಲು ಮುರಿಯುತ್ತದೆ ಎಂಬುದೇ ಅದಕ್ಕೆ ಕಾರಣ. ಕವಣೆಯ ಕಲ್ಲಿಗೆ ರೆಕ್ಕೆ ಮುರಿದು, ಯಾರ ಕೈಗೂ ಸಿಗದೆ ಪೊದೆಯೊಳಗೆ ನರಳಿ ಸಾಯುವ ಹಕ್ಕಿಗೆ ಯಾರು ಉತ್ತರ ಹೇಳುವರು?

ಇನ್ನೊಂದು ವಿಷಯವಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಉರುಳು ಒಡ್ಡುವುದೂ ಅದರ ದೃಷ್ಟಿಯಲ್ಲಿ ಬೇಟೆಯೇ. ಹಲಾಲ್ ಆದುದನ್ನು ಕಾನೂನು ತಡೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಅದೇ ಅಲ್ ಮಾಇದಃದ ಮೊದಲ ವಚನವನ್ನು ನೋಡಿ. ಕರಾರುಗಳನ್ನು ಪಾಲಿಸಿರೆಂಬ ಆಜ್ಞೆಯೂ ಇಹ್ರಾಮ್‌ನಲ್ಲಿರುವಾಗ ಬೇಟೆ ಸಲ್ಲದೆಂಬ ಆಜ್ಞೆಯೂ ಅಲ್ಲಿ ಜೊತೆಯಾಗಿಯೇ ಇವೆ. ಮಕ್ಕಾದ ಹರಮ್‌ನಲ್ಲಿ ಬೇಟೆಯ ಪ್ರಾಣಿಯನ್ನು ಬೆದರಿಸುವಂತೆಯೂ ಇಲ್ಲ. ಹೀಗಿರುವಾಗ, ಬೇಟೆಗೆ ಮುಚ್ಚಿದ ನೆಲವೆಂಬ ಕಲ್ಪನೆ ನಮಗೆ ಹೊಸದೇನಲ್ಲ. ಈ ನಾಡಿನ ಕರಾರಿನೊಳಗೆ ಬದುಕುವ ನಾವು ಅಣಶಿ ಘಟ್ಟದ ಕಾಡನ್ನೂ ಹಾಗೆಯೇ ಕಾಣಬೇಕು.

ಆದರೆ ಬಾಲಕನನ್ನು ಗದರಿಸಿ ಸುಮ್ಮನಾಗುವ ಹಕ್ಕು ನಮಗಿದೆಯೇ? ಪ್ರತಿ ಶುಕ್ರವಾರ ನಾವು ಕೋಳಿಯನ್ನು ಕೊಳ್ಳುವುದು ಹೇಗೆ? ಕಾಲು ಕಟ್ಟಿ ತಲೆಕೆಳಗಾಗಿ ಸ್ಕೂಟರಿಗೆ ತೂಗುಹಾಕಿ ತರುತ್ತೇವೆ. ಮೊಂಡು ಚೂರಿಯನ್ನು ಎರಡು ಮೂರು ಬಾರಿ ಎಳೆಯುತ್ತೇವೆ. ಒಂದರ ಎದುರಿನಲ್ಲಿಯೇ ಇನ್ನೊಂದನ್ನು ಕೊಯ್ಯುತ್ತೇವೆ. ಒದ್ದಾಟ ನಿಲ್ಲುವ ಮೊದಲೇ ಬಿಸಿನೀರಿಗೆ ಅದ್ದುತ್ತೇವೆ. ನಾಲಗೆಯ ಮೇಲೆ ಮಾತ್ರ ಬಿಸ್ಮಿಲ್ಲಾಹ್ ಇರುತ್ತದೆ. ಒಮ್ಮೆ ಬಕ್ರೀದ್‌ನಂದು ಚೂರಿ ಮಸೆಯಲು ಸೋಮಾರಿತನ ತೋರಿದವನು ನಾನೂ ಹೌದು. ಆ ಆಡಿನ ಕಣ್ಣು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಲ್ಲಾಹನು ಪ್ರತಿಯೊಂದರಲ್ಲೂ ಇಹ್ಸಾನನ್ನು ವಿಧಿಸಿರುವನೆಂದೂ, ಕೊಯ್ಯುವವನು ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ನೀಡಬೇಕೆಂದೂ ಪ್ರವಾದಿ(ಸ)ರು ಬೋಧಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಚೂರಿಯನ್ನು ಪ್ರಾಣಿಯ ಕಣ್ಮರೆಯಲ್ಲಿ ಮಸೆಯಿರಿ. ನೀರು ಕುಡಿಸಿ, ಮೃದುವಾಗಿ ಮಲಗಿಸಿ. ಶ್ವಾಸನಾಳ, ಅನ್ನನಾಳ ಹಾಗೂ ಕತ್ತಿನ ಎರಡು ರಕ್ತನಾಳಗಳನ್ನು ತಡವಿಲ್ಲದೆ, ಕೈಯೆತ್ತದೆ ಕತ್ತರಿಸಿ. ಬೆನ್ನುಹುರಿಯವರೆಗೆ ಹೋಗಬೇಡಿ. ಜೀವ ಪೂರ್ಣವಾಗಿ ಹೋಗುವವರೆಗೆ ಕಾಯಿರಿ. ಇದಕ್ಕೆ ಬೇಕಾದುದು ಐದು ನಿಮಿಷದ ಸಹನೆ.

ಆ ಬಾಲಕನಿಗೆ ನಾನು ಇಷ್ಟೇ ಹೇಳಿದೆ: "ಮಗೂ, ಕಾಡಿನ ಹಕ್ಕಿಯನ್ನು ಕಾಡಿಗೇ ಬಿಡು. ಮನೆಯ ಕೋಳಿಯನ್ನು ಕೊಯ್ಯುವಾಗ, ಯಾರ ಹೆಸರನ್ನು ಹೇಳುತ್ತಿರುವೆಯೋ ಅವನು ಪರಮ ದಯಾಮಯನೆಂದು ನೆನಪಿಡು."