ಫಾರ್ವರ್ಡ್ ಮಾಡುವವರು ಸಾಕು, ಬರೆಯುವವರಿಗೆ ಕೂಲಿ ಕೊಡಿ

ಲಿಂಗನಮಕ್ಕಿ ಅಣೆಕಟ್ಟೆಯ ಗರಿಷ್ಠ ಮಟ್ಟ 1819 ಅಡಿ. ಮಳೆ ಜೋರಾದ ವರ್ಷ ನೀರು ಆ ಅಂಕಿಯ ಹತ್ತಿರ ಬರುತ್ತಿದ್ದಂತೆ ಗೇಟು ತೆರೆಯುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಜೋಗದ ದೊಡ್ಡ ಬಣ್ಣದ ಚಿತ್ರ: ಧುಮ್ಮಿಕ್ಕುವ ಜಲಪಾತ, ಮುಗಿಬಿದ್ದ ಪ್ರವಾಸಿಗರು. ಅದೇ ನೀರು ಗೇರುಸೊಪ್ಪೆ ದಾಟಿ ಇಳಿದಾಗ ಶರಾವತಿಯ ನಡುಗಡ್ಡೆಗಳಲ್ಲಿ, ದಂಡೆಯ ತೋಟಗಳಲ್ಲಿ ಏನಾಗುತ್ತದೆ ಎಂಬುದು ಒಳಪುಟದ ಮೂರು ಸಾಲು. ಅದೂ ಜಾಗ ಉಳಿದರೆ. ‘ನದಿಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು’ ಎಂದು ಪ್ರಕಟಣೆ ಹೇಳುತ್ತದೆ. ಎಷ್ಟು ಗಂಟೆಯೊಳಗೆ? ಯಾವ ಶಾಲೆಗೆ? ದೋಣಿ ಎಲ್ಲಿ ನಿಂತಿರುತ್ತದೆ? ನೀರು ಕೆಳಗೆ ಬರುವಾಗ ಸಮುದ್ರದಲ್ಲಿ ಉಬ್ಬರವೋ ಇಳಿತವೋ? ಮಾವಿನಕುರ್ವೆಯ ಮನೆಯವರಿಗೆ ಬೇಕಾದದ್ದು ಈ ನಾಲ್ಕು ಉತ್ತರ. ನಾಲ್ಕೂ ಯಾವ ಪತ್ರಿಕೆಯಲ್ಲೂ ಸಿಗುವುದಿಲ್ಲ.

ಮಾವಿನಕುರ್ವೆ ಎಂದೆವಲ್ಲ, ಯಾವುದು? ಹೊನ್ನಾವರ ತಾಲೂಕಿನಲ್ಲಿ ಶರಾವತಿಯ ನಡುವೆ ಒಂದಿದೆ. ಭಟ್ಕಳದಲ್ಲಿ ಬಂದರಿನ ಮಗ್ಗುಲಲ್ಲಿ ಇನ್ನೊಂದಿದೆ. ನಮ್ಮ ಕಡೆಯ ಶಾಲೆಮಕ್ಕಳಿಗೂ ಗೊತ್ತಿರುವ ಈ ವ್ಯತ್ಯಾಸ ದೂರದೂರಿನ ಡೆಸ್ಕಿಗೆ ಗೊತ್ತಿರಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಒಂದರ ನೆರೆ ಇನ್ನೊಂದರ ಹೆಸರಲ್ಲಿ ಅಚ್ಚಾದರೆ, ಗಲ್ಫಿನಲ್ಲೋ ಮುಂಬೈಯಲ್ಲೋ ಇರುವ ಮಗ ರಾತ್ರಿಯಿಡೀ ನಿದ್ದೆ ಬಿಡುತ್ತಾನೆ. ಇನ್ನೊಂದು ಊರಿನ ಮಗ ನೆಮ್ಮದಿಯಾಗಿ ಮಲಗುತ್ತಾನೆ. ಇಬ್ಬರಿಗೂ ಆದದ್ದು ಮೋಸವೇ.

ಈ ಖಾಲಿ ಜಾಗವನ್ನು ಈಗ ವಾಟ್ಸ್ಆ್ಯಪ್ ಗ್ರೂಪುಗಳು ತುಂಬಿವೆ. ಹೋಬಳಿಗೊಂದು, ಕೇರಿಗೊಂದು, ಜಾತಿಗೊಂದು. ‘ಇನ್ನು ಪತ್ರಿಕೆ ಯಾಕೆ ಮಾರಾಯ್ರೆ, ಊರಿನ ಸುದ್ದಿ ಊರಿನವರೇ ಹಾಕ್ತಾರಲ್ಲ’ ಎನ್ನುವವರಿದ್ದಾರೆ. ನಮ್ಮ ಜಗಳ ಇವರ ಜೊತೆಗೇ. ಗ್ರೂಪಿನಲ್ಲಿ ಬಂದ ಸುದ್ದಿಗೆ ಅಪ್ಪ ಅಮ್ಮ ಇಲ್ಲ. ಕಳಿಸಿದವನನ್ನು ಕೇಳಿದರೆ ‘ನನಗೂ ಬಂದದ್ದು’ ಎನ್ನುತ್ತಾನೆ. ಅಡ್ಮಿನ್‌ನನ್ನು ಕೇಳಿದರೆ ಡಿಲೀಟ್ ಮಾಡಿ ಕೈತೊಳೆದುಕೊಳ್ಳುತ್ತಾನೆ. ತಪ್ಪಾಗಿತ್ತು, ಸರಿಯಾದದ್ದು ಇದು ಎಂದು ಬರೆಯುವ ಪದ್ಧತಿಯೇ ಅಲ್ಲಿಲ್ಲ.

ಇದರ ಬೆಲೆ ಎಷ್ಟೆಂದು ನಮ್ಮ ಮೂರು ತಾಲೂಕುಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? 2017ರ ಡಿಸೆಂಬರ್ 8ರಂದು ಹೊನ್ನಾವರದ ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಮರಣೋತ್ತರ ಪರೀಕ್ಷೆಯ ಮಾತು ಹೊರಬರುವ ಮೊದಲೇ, ಹೇಗೆ ಹಿಂಸಿಸಿ ಕೊಂದರು ಎಂಬ ‘ವಿವರ’ಗಳು ಮೊಬೈಲಿನಿಂದ ಮೊಬೈಲಿಗೆ ಓಡಿದವು. ಮೈಮೇಲೆ ಅಂಥ ಹಿಂಸೆಯ ಗುರುತಿಲ್ಲವೆಂಬ ವಿಧಿವಿಜ್ಞಾನ ತಜ್ಞರ ಉತ್ತರವನ್ನು ಪೊಲೀಸರು ಪ್ರಕಟಿಸುವ ಹೊತ್ತಿಗೆ ಊರೂರು ಉರಿಯುತ್ತಿತ್ತು. ಕುಮಟಾದಲ್ಲಿ ಪೊಲೀಸ್ ಐಜಿಯ ಕಾರಿಗೇ ಬೆಂಕಿ ಬಿತ್ತು. ಸಿಬಿಐ ತನಿಖೆ ಮಾಡಿ, ಇದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರ ಅಕ್ಟೋಬರಿನಲ್ಲಿ. ವದಂತಿ ಊರು ಸುತ್ತಲು ಒಂದು ರಾತ್ರಿ ಸಾಕಾಯಿತು. ವರದಿ ಬರಲು ನಾಲ್ಕು ವರ್ಷ ಹತ್ತು ತಿಂಗಳು ಹಿಡಿಯಿತು. ಆ ವರದಿಯನ್ನು ಎಷ್ಟು ಗ್ರೂಪುಗಳು ಅಷ್ಟೇ ಉತ್ಸಾಹದಿಂದ ಫಾರ್ವರ್ಡ್ ಮಾಡಿದವು, ನಿಮ್ಮ ಫೋನನ್ನೇ ಕೇಳಿ ನೋಡಿ.

ಹಾಗಾದರೆ ಹೊರಗಿನ ದೊಡ್ಡ ಮಾಧ್ಯಮ ಬಂದರೆ ಸಾಕೇ? ಅದನ್ನೂ ಕಂಡೆವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು. ಕೇರಳದ ಲಾರಿ ಚಾಲಕನೊಬ್ಬ ನಾಪತ್ತೆಯಾದ್ದರಿಂದ ಅಲ್ಲಿನ ವಾಹಿನಿಗಳು ಬಂದು ದಿನಗಟ್ಟಲೆ ಬೀಡುಬಿಟ್ಟವು. ತಮ್ಮವನನ್ನು ಹುಡುಕಿಸಲು ಅವರು ಹಟ ಹಿಡಿದದ್ದು ಸರಿಯೇ. ಸೆಪ್ಟೆಂಬರ್ 25ರಂದು ಲಾರಿ ನದಿಯಲ್ಲಿ ಸಿಗುವವರೆಗೂ ಅವರು ಆ ಹಟ ಬಿಡಲಿಲ್ಲ. ಆದರೆ ಗುಡ್ಡ ನೀರಿಗೆ ಬಿದ್ದ ಹೊಡೆತಕ್ಕೆ ಎದುರು ದಡದ ಉಳುವರೆಗೆ ಅಲೆ ನುಗ್ಗಿ ಮನೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ಉಳುವರೆಯ ಮನೆಗಳಿಗಾಗಿ ಅದೇ ಹಟ ಹಿಡಿಯುವ ಕ್ಯಾಮೆರಾ ಯಾವುದಿತ್ತು? ಹೆದ್ದಾರಿಗಾಗಿ ಗುಡ್ಡಗಳ ಬುಡ ಕಡಿಯುತ್ತಿದ್ದುದನ್ನು ನಮ್ಮ ಜನ ವರ್ಷಗಟ್ಟಲೆ ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ. ಹೊರಗಿನವರು ಬರುವುದು ಗುಡ್ಡ ಬಿದ್ದ ಮೇಲೆ. ಬೀಳುವ ಮೊದಲು ಬರೆಯಬೇಕಾದವರು ಇಲ್ಲೇ ಇರುವವರು.

ಇಲ್ಲೇ ಇರುವವರು ಎಂದರೆ ನಾವು, ಸ್ಟ್ರಿಂಗರ್‌ಗಳು. ನಮ್ಮ ಸ್ಥಿತಿ ಏನು? ನಮ್ಮಲ್ಲಿ ಹೆಚ್ಚಿನವರಿಗೆ ಬರುವುದು ಗೌರವಧನ, ಅದೂ ಬಂದಾಗ ಬಂತು. ಪೆಟ್ರೋಲು ನಮ್ಮದು, ಡೇಟಾ ನಮ್ಮದು, ಕೇಸು ಬಿದ್ದರೆ ವಕೀಲರ ಫೀಸೂ ನಮ್ಮದೇ. ಮೇಲಿನವರು ವರದಿ ಕೇಳುವುದಕ್ಕಿಂತ ಹೆಚ್ಚು ಸಲ ಕೇಳುವುದು ಜಾಹೀರಾತು. ಜಾತ್ರೆಯ ಪುರವಣಿಗೆ ಗುತ್ತಿಗೆದಾರರ ಶುಭಾಶಯ ತಂದವನು, ಮುಂದಿನ ತಿಂಗಳು ಅದೇ ಗುತ್ತಿಗೆದಾರರ ಸೇತುವೆ ಬಿರುಕು ಬಿಟ್ಟರೆ ಹೇಗೆ ಬರೆದಾನು? ಹೊಸದಾಗಿ ಬಂದ ಮೊಬೈಲ್ ಆ್ಯಪ್‌ಗಳದ್ದು ಇನ್ನೊಂದು ಲೆಕ್ಕ: ವಿಡಿಯೊ ಒಂದಕ್ಕೆ ಇಷ್ಟು. ಹಾಗಾಗಿ ಅಪಘಾತ, ಜಗಳ, ಹೆಬ್ಬಾವು. ಗ್ರಾಮಸಭೆಯಲ್ಲಿ ಮೂರು ತಾಸು ಕೂತು ಬರೆದದ್ದಕ್ಕೆ ಅಲ್ಲಿ ದರವೇ ಇಲ್ಲ.

ಆದ್ದರಿಂದ ಊರಿನ ಸುದ್ದಿಜಾಲ ಕಟ್ಟುತ್ತೇವೆಂದು ಯಾರಾದರೂ ಬಂದು ಎರಡು ದಿನದ ಮೊಬೈಲ್ ತರಬೇತಿ, ಒಂದು ಪ್ರಮಾಣಪತ್ರ, ಒಂದು ಟೀ ಶರ್ಟ್ ಕೊಟ್ಟು ಹೋದರೆ ನಾವು ಚಪ್ಪಾಳೆ ತಟ್ಟುವುದಿಲ್ಲ. ಜಾಲ ಅಂದಮೇಲೆ ಮೀನುಗಾರರ ಬಲೆಯಂತೆ ಗಂಟು ಗಟ್ಟಿ ಇರಬೇಕು. ಗಂಟು ಸಡಿಲವಾದ ಬಲೆಯನ್ನು ಎಷ್ಟು ಅಗಲ ಬೀಸಿದರೇನು? ನಮ್ಮ ಪ್ರಕಾರ ಗಂಟುಗಳು ಮೂರು.

ಮೊದಲನೆಯದು ಕೂಲಿ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹೆಂಗಸರು ‘ಖಬರ್ ಲಹರಿಯಾ’ ಶುರುಮಾಡಿದರು. ಅವರಲ್ಲಿ ದಲಿತ ಹೆಂಗಸರು ಮುಂದೆ ನಿಂತರು. ಸ್ಥಳೀಯ ಬುಂದೇಲಿಯಲ್ಲಿ ಬರೆದರು, ಸೈಕಲ್ಲು ಬಸ್ಸಿನಲ್ಲಿ ತಿರುಗಿ ಹಂಚಿದರು, ಕಾಲ ಬದಲಾದಾಗ ಮೊಬೈಲ್ ವಿಡಿಯೊಕ್ಕೆ ದಾಟಿದರು. ಅವರ ಮೇಲೆ ಮಾಡಿದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಎಲ್ಲರೂ ಅವರ ಧೈರ್ಯ ಹೊಗಳುತ್ತಾರೆ. ಹೊಗಳಲೇಬೇಕು. ಆದರೆ ವರದಿಗಾರಿಕೆಯನ್ನು ಅವರು ಸಂಬಳದ ಕೆಲಸವಾಗಿ ಮಾಡಿದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಎರಡನೆಯದು ಹೆಸರು ಮತ್ತು ತಿದ್ದುಪಡಿ. ಬರೆದವರ ಹೆಸರು ಸುದ್ದಿಯ ಕೆಳಗಿರಬೇಕು. ತಪ್ಪಾದರೆ ಮೊದಲು ಎಲ್ಲಿ ಹಾಕಿದ್ದರೋ ಅಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಸರಿಪಡಿಸಬೇಕು. ಸಾವು, ಗಲಭೆ, ಧರ್ಮದ ವಿಷಯವಾದರೆ ಎರಡು ಕಡೆ ಕೇಳಿ ಖಚಿತವಾಗದೆ ಒಂದು ಸಾಲೂ ಹೋಗಬಾರದು. ತಡವಾದರೆ ತಡವಾಗಲಿ. ದೂರದ ಸಂಪಾದಕರನ್ನು ಯಾರೂ ಹಿಡಿದು ಕೇಳಲಾರರು. ನಮ್ಮನ್ನು ನಾಳೆ ಬೆಳಿಗ್ಗೆ ಮೀನುಪೇಟೆಯಲ್ಲೇ ಹಿಡಿದು ಕೇಳುತ್ತಾರೆ. ಊರಿನ ಸುದ್ದಿಗೆ ಇರುವ ದೊಡ್ಡ ಬಲವೇ ಅದು.

ಮೂರನೆಯದು, ಬರೆಯುವವರು ಯಾರು ಎಂಬುದು. ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಆ ಸುದ್ದಿಯನ್ನು ಬರೆಯುವ ಕೈಗಳಲ್ಲಿ ಬಲೆ ಹಿಡಿದ ಕೈ ಎಷ್ಟು? ಅಘನಾಶಿನಿಯಲ್ಲಿ ಬಳಚು ಆರಿಸುವ ಹೆಂಗಸರು, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರು, ಭಟ್ಕಳದ ಗುಡ್ಡದ ಮೇಲಿನ ಗೊಂಡರು, ಪೇಟೆಯ ನವಾಯತರು, ಹಾಲಕ್ಕಿಗಳು, ಖಾರ್ವಿಗಳು, ಮೊಗೇರರು: ಇವರೆಲ್ಲ ನಮ್ಮ ಸುದ್ದಿಯಲ್ಲಿ ಬರುತ್ತಾರೆ, ಸುದ್ದಿ ಬರೆಯುವವರ ಪಟ್ಟಿಯಲ್ಲಿ ಬರುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಕಟ್ಟಿದವರು ಇದನ್ನು ಮೊದಲೇ ಅರಿತಿದ್ದರು. ಊರಿನವರಿಗೆ ಬಾನುಲಿ ಪರವಾನಗಿ ಸಿಗದ ಕಾಲದಲ್ಲಿ ಸ್ವಸಹಾಯ ಸಂಘದ ಹೆಂಗಸರು, ಹಳ್ಳಿಯ ಹುಡುಗ ಹುಡುಗಿಯರು ಸೇರಿ ಕಾರ್ಯಕ್ರಮ ಮಾಡಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಕೇಳಿಸಿದರು. ಸರ್ಕಾರ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದ ರೈತರು ಸಹಕಾರಿ ಸಂಘ ಕಟ್ಟಿದಾಗಲೂ ಇದೇ ಪ್ರಶ್ನೆ ಎದ್ದಿರಬೇಕು. ಸಾಲಕ್ಕೆ, ಹಾಲಿಗೆ, ಅಡಿಕೆಗೆ, ಮೀನಿಗೆ ಸಹಕಾರಿ ಸಂಘ ಮಾಡಿಕೊಂಡ ನಾವು ಸುದ್ದಿಗೆ ಯಾಕೆ ಮಾಡಬಾರದು? ಒಬ್ಬರಿಗೆ ಒಂದೇ ವೋಟು, ಷೇರು ಎಷ್ಟೇ ಇರಲಿ. ಕೊಟ್ಟವರ ಪಟ್ಟಿ, ಖರ್ಚಿನ ಲೆಕ್ಕ ವರ್ಷಕ್ಕೊಮ್ಮೆ ಎಲ್ಲರ ಮುಂದೆ. ಊರಿನ ಸುದ್ದಿಗೆ ಓದುಗರಿಲ್ಲ ಎನ್ನಬೇಡಿ. ಭಟ್ಕಳದಂಥ ಪೇಟೆಯಿಂದಲೇ ಸಾಹಿಲ್ ಆನ್‌ಲೈನ್ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬರುತ್ತದೆ, ಕಡಲಾಚೆಯವರೂ ಓದುತ್ತಾರೆ. ಜಾತ್ರೆಗೆ, ಕ್ರಿಕೆಟ್ ಟೂರ್ನಿಗೆ, ಯಕ್ಷಗಾನದ ಆಟಕ್ಕೆ ಹಣ ಕೂಡಿಸುವ ಊರಿಗೆ ಗ್ರಾಮಸಭೆಗೆ ಹೋಗುವ ಒಬ್ಬ ಹುಡುಗಿಯ ತಿಂಗಳ ಸಂಬಳ ಕೂಡಿಸಲು ಕಷ್ಟವೇ?

‘ಇಷ್ಟು ಸಣ್ಣದೆಲ್ಲ ಸುದ್ದಿಯೇ?’ ಎನ್ನುವವರಿಗೆ ಒಂದು ಮಾತು. 1843ರ ಜುಲೈ 1ರಂದು ಇದೇ ಕರಾವಳಿಯ ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆಯಲ್ಲಿ ಊರ ವರ್ತಮಾನಕ್ಕೆ ಜಾಗವಿತ್ತು. ಆ ದಿನವನ್ನು ಪ್ರತಿವರ್ಷ ಪತ್ರಿಕಾ ದಿನವೆಂದು ಹಾರ ಹಾಕಿ ಆಚರಿಸುತ್ತೇವೆ. ಹಾರ ಹಾಕುವವರು ಊರ ವರ್ತಮಾನಕ್ಕೂ ಸ್ವಲ್ಪ ಜಾಗ ಬಿಡಲಿ.

ಪತ್ರಿಕೋದ್ಯಮ ಓದಿ ಬೆಂಗಳೂರು ಸೇರಿದ ನಮ್ಮ ಗೆಳೆಯರಿಗೂ, ಊರಲ್ಲೇ ಉಳಿದ ಓದುಗರಿಗೂ ನಾವು ಕೇಳುವುದು ದೊಡ್ಡದೇನಲ್ಲ. ಮೂರು ತಾಲೂಕು, ಮೊದಲ ವರ್ಷ ತಾಲೂಕಿಗೆ ಇಬ್ಬರು, ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳು. ವಾರ್ಡ್ ಸಭೆ, ಗ್ರಾಮಸಭೆ, ಜಮಾಬಂದಿ ಒಂದೂ ತಪ್ಪಬಾರದು. ಮಳೆಗಾಲದಲ್ಲಿ ಅಣೆಕಟ್ಟೆಯ ಮಟ್ಟದ ಜೊತೆಗೆ ಉಬ್ಬರದ ವೇಳೆ, ದೋಣಿ ಸಿಗುವ ಜಾಗ, ತೆರೆದಿರುವ ಶಾಲೆಯ ಹೆಸರು ದಿನಾ ಹೋಗಬೇಕು. ತಿಂಗಳ ಕೊನೆಗೆ ಸಂಬಳ ಕೈಸೇರಬೇಕು. ಒಪ್ಪಿಗೆ ಇದ್ದವರು ಮೊದಲ ಕಂತು ಎಷ್ಟು ಕೊಡುತ್ತೀರಿ ಎಂದು ಹೇಳಿ. ಒಪ್ಪಿಗೆ ಇಲ್ಲದವರು ನಮ್ಮ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸಿ. ಎರಡೂ ಮಾಡದೆ ಇದನ್ನು ಸುಮ್ಮನೆ ಇನ್ನೊಂದು ಗ್ರೂಪಿಗೆ ತಳ್ಳಬೇಡಿ.