ಒಂದು ಖಂಡದ ಎರಡು ಜೀವಗಳು

ಪೆಂಗ್ವಿನ್ ಎಂದೊಡನೆ ಹಿಮದ ಬಯಲು ಕಣ್ಣೆದುರು ನಿಲ್ಲುತ್ತದೆ. ಆದರೆ ಬಿಸಿಲ ನಾಡಾದ ಆಫ್ರಿಕದ ದಕ್ಷಿಣದ ಕಡಲಂಚಿನಲ್ಲಿಯೂ ಒಂದು ಜಾತಿಯ ಪೆಂಗ್ವಿನ್ ಬಾಳುತ್ತಿದೆ. ಅದೇ ಖಂಡದ ನಡುವೆ, ರುವಾಂಡ, ಉಗಾಂಡ, ಕಾಂಗೋ ದೇಶಗಳ ಗಡಿಯ ಬೆಟ್ಟಗಾಡಿನಲ್ಲಿ ಪರ್ವತ ಗೊರಿಲ್ಲದ ವಾಸ. ಒಂದು ಹಾರಲಾರದ ಹಕ್ಕಿ. ಇನ್ನೊಂದು ಮನುಷ್ಯನ ಹತ್ತಿರದ ಬಂಧುವೆನಿಸಿದ ವಾನರ. ಇವುಗಳಲ್ಲಿ ಅಳಿವಿನ ಭಯ ಯಾವುದಕ್ಕೆ ಹೆಚ್ಚು?

ಬರಿಯ ಎಣಿಕೆಯನ್ನು ನಂಬಿದವರು ಗೊರಿಲ್ಲಕ್ಕೆ ಎಂದಾರು. 2018 ಮತ್ತು 2019ರಲ್ಲಿ ಪ್ರಕಟವಾದ ಗಣತಿಗಳ ಪ್ರಕಾರ ಅವು ಇದ್ದುದು 1,063 ಮಾತ್ರ. ತಾಯಿ ಗೊರಿಲ್ಲ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಒಂದೇ ಮರಿಯನ್ನು ಹೆರುತ್ತದೆ. ಪೆಂಗ್ವಿನ್ನಾದರೋ ಒಂದು ಸಲಕ್ಕೆ ಎರಡು ಮೊಟ್ಟೆಯಿಡುವ ಹಕ್ಕಿ. ಆದರೂ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಗೊರಿಲ್ಲವನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿತು. 2024ರಲ್ಲಿ ಈ ಪೆಂಗ್ವಿನ್ನನ್ನು ಅತ್ಯಂತ ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ಉಳಿದಿರುವುದು ಹತ್ತು ಸಾವಿರಕ್ಕೂ ಕಡಿಮೆ ಜೋಡಿ.

ಗೊರಿಲ್ಲ ಉಳಿದುದು ಪುಣ್ಯದಿಂದಲ್ಲ, ಕಾವಲಿನಿಂದ. ವಿರುಂಗ ಬೆಟ್ಟಗಳಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 250 ಇದ್ದ ಗೊರಿಲ್ಲಗಳು ಈಗ ಇಮ್ಮಡಿಗೂ ಮಿಕ್ಕಿವೆ. ಗಾಯಗೊಂಡ ಗೊರಿಲ್ಲಕ್ಕೆ ಕಾಡಿನಲ್ಲಿಯೇ ವೈದ್ಯರು ಚಿಕಿತ್ಸೆ ನೀಡುತ್ತಾರೆ. ಪ್ರವಾಸಿಗರ ಶುಲ್ಕದ ಒಂದು ಪಾಲು ಸುತ್ತಲಿನ ಹಳ್ಳಿಗಳಿಗೆ ಸಲ್ಲುತ್ತದೆ. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2020ರ ಏಪ್ರಿಲ್‌ನಲ್ಲಿ ಒಂದೇ ದಾಳಿಯಲ್ಲಿ ಕಾಂಗೋದ ವಿರುಂಗ ಉದ್ಯಾನದ 12 ಮಂದಿ ಕಾವಲುಗಾರರು ಹತರಾದರು.

ಪೆಂಗ್ವಿನ್ನಿಗೂ ಮನುಷ್ಯನ ಕರುಣೆ ದೊರೆಯದೆ ಹೋಗಿಲ್ಲ. 2000ದ ಜೂನ್‌ನಲ್ಲಿ ಕೇಪ್ ಟೌನ್ ಬಳಿ ಹಡಗೊಂದು ಮುಳುಗಿ ಎಣ್ಣೆ ಹರಡಿದಾಗ, ಸುಮಾರು 19,000 ಪೆಂಗ್ವಿನ್ನುಗಳ ಮೈಯನ್ನು ಸ್ವಯಂಸೇವಕರು ತೊಳೆದರು. ಆದರೆ ಅದರ ನಿಜವಾದ ಸಂಕಟ ಹಸಿವು. ವರ್ಷಕ್ಕೊಮ್ಮೆ ಈ ಹಕ್ಕಿಯ ಗರಿಗಳೆಲ್ಲವೂ ಉದುರಿ ಹೊಸತು ಮೂಡುತ್ತವೆ. ಆ ಮೂರು ವಾರ ಅದು ನೀರಿಗಿಳಿಯಲಾರದು. ಮೊದಲೇ ಉಂಡು ಕೂಡಿಸಿದ ಕೊಬ್ಬೇ ಆಗ ಅದರ ಬುತ್ತಿ. ಸಾರ್ಡೀನ್, ಆಂಚೊವಿ ಎಂಬ ಸಣ್ಣ ಮೀನುಗಳು ಸಮಯಕ್ಕೆ ಸಿಗದಿದ್ದರೆ ದಡದಲ್ಲಿ ನಿಂತಂತೆಯೇ ಅದು ಸೊರಗುತ್ತದೆ. ಕಡಲಿನ ಸ್ಥಿತಿ ಬದಲಾಗಿ ಮೀನುಗಳು ಪೂರ್ವಕ್ಕೆ ಸರಿದಿವೆ. ಇದ್ದುದಕ್ಕೆ ದೊಡ್ಡ ಬಲೆಗಳು ಪೈಪೋಟಿಗೆ ನಿಂತಿವೆ. ಗೂಡಿನ ಕಥೆಯೂ ಹೀಗೆಯೇ. ಹಿಂದೆ ಈ ಹಕ್ಕಿಗಳು ದ್ವೀಪಗಳಲ್ಲಿ ಶತಮಾನಗಳಿಂದ ಗಟ್ಟಿಗೊಂಡಿದ್ದ ಹಿಕ್ಕೆಯ ಪದರದಲ್ಲಿ ಬಿಲ ತೋಡುತ್ತಿದ್ದವು. ಅದನ್ನು ಹೊಲದ ಗೊಬ್ಬರಕ್ಕೆಂದು ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳು ಕೆರೆದೊಯ್ದರು.

ಕಾಡಿಗೆ ಗಡಿ ಹಾಕಿ ಕಾಯಬಹುದು. ಪ್ರವಾಸಿಗನ ಹಣದಿಂದ ಕಾವಲುಗಾರನಿಗೆ ಸಂಬಳ ಕೊಡಬಹುದು. ಕಡಲಿಗೆ ಮೀನು ತುಂಬಲಾಗದು. ಗೊರಿಲ್ಲದ ಸೊಪ್ಪಿನ ಊಟಕ್ಕೆ ಮನುಷ್ಯ ಕೈಯೊಡ್ಡುವುದಿಲ್ಲ. ಪೆಂಗ್ವಿನ್ ಉಳಿಯಬೇಕಾದರೆ ಅವನು ತನ್ನ ಬಲೆಯನ್ನೇ ಹಿಂದಕ್ಕೆಳೆಯಬೇಕು. ಮೀನುಗಾರಿಕೆಯಿಂದ ಬದುಕುವವರಿಗೆ ಇದು ಸುಲಭದ ಮಾತಲ್ಲ. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯ ನ್ಯಾಯಾಲಯವು ಮೀನುಗಾರರೂ ಪಕ್ಷಿಸಂರಕ್ಷಕರೂ ಮಾಡಿಕೊಂಡ ಒಪ್ಪಂದಕ್ಕೆ ಆಜ್ಞೆಯ ಬಲ ನೀಡಿತು. ಅದರಂತೆ ಆರು ಪೆಂಗ್ವಿನ್ ನೆಲೆಗಳ ಸುತ್ತ ಈ ಮೀನುಗಳನ್ನು ಹಿಡಿಯುವಂತಿಲ್ಲ. ಅವಧಿ ಹತ್ತು ವರ್ಷ. ಪೆಂಗ್ವಿನ್ ಮರಿ ಬೆಳೆದು ತಾನೇ ಮೊಟ್ಟೆಯಿಡಲು ನಾಲ್ಕರಿಂದ ಆರು ವರ್ಷ ಬೇಕು. ಆ ಲೆಕ್ಕದಲ್ಲಿ ಈ ಗಡುವು ಎರಡು ತಲೆಮಾರಿಗೆ ಸಾಲುವುದೇ ಕಷ್ಟ.