ಮೊದಲು ಕೈ ತೊಳೆಯೋಣ

‘ಆಪರೇಷನ್ ಚಲೋ ಆಗಿತ್ರಿ, ಆಮ್ಯಾಲೆ ಇನ್‌ಫೆಕ್ಷನ್ ಆತು.’ ಲಿಂಗೈಕ್ಯರಾದವರ ಮನೆಗೆ ಸಾಂತ್ವನ ಹೇಳಲು ಹೋದಾಗ ಈ ಮಾತು ಈಗ ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. ಹಣೆಬರಹವೆಂದು ನಿಟ್ಟುಸಿರು ಬಿಟ್ಟು ಎದ್ದು ಬರುತ್ತೇವೆ. ಶರಣ ಬಂಧುಗಳೇ, ಎಷ್ಟೋ ಸಲ ಇದು ಹಣೆಯ ಬರಹವಲ್ಲ, ಕೈಯ ಕೆಲಸ.

ಆಸ್ಪತ್ರೆಯಲ್ಲಿ ಆ್ಯಂಟಿಬಯೋಟಿಕ್ ಔಷಧಗಳ ಬಳಕೆ ವಿಪರೀತ. ಅವು ಸಾಮಾನ್ಯ ರೋಗಾಣುಗಳನ್ನು ಕೊಲ್ಲುತ್ತವೆ. ಮದ್ದಿಗೆ ಜಗ್ಗದವು ಉಳಿದು ಅಲ್ಲಿಯೇ ಬೆಳೆಯುತ್ತವೆ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮಂಚದ ಕಂಬಿಯ ಮೇಲೆ ಒಣಗಿಕೊಂಡೇ ವಾರಗಟ್ಟಲೆ ಬದುಕಬಲ್ಲದು. ಅಲ್ಲಿಂದ ಯಾರದೋ ಕೈಗೆ, ಆ ಕೈಯಿಂದ ವೆಂಟಿಲೇಟರ್ ಕೊಳವೆಗೋ ಮೂತ್ರದ ನಳಿಕೆಗೋ ಹಸಿ ಗಾಯಕ್ಕೋ ದಾಟುತ್ತದೆ. ಮೆರೊಪೆನೆಮ್‌ನಂಥ ಪ್ರಬಲ ಔಷಧವೂ ಸೋತರೆ ವೈದ್ಯರು ಕೊಲಿಸ್ಟಿನ್ ಮೊರೆಹೋಗಬೇಕಾಗುತ್ತದೆ. ಅದು ಮೂತ್ರಪಿಂಡಕ್ಕೇ ಪೆಟ್ಟು ಕೊಡಬಲ್ಲ ಹಳೆಯ ಮದ್ದು. 2019ರಲ್ಲಿ ಮದ್ದಿಗೆ ಬಗ್ಗದ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ.

ಕೈಯ ಸಂಗತಿ ಹೊಸದಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರು ಶವ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಬರಬೇಕೆಂದು ಸೆಮೆಲ್‌ವೈಸ್ ಎಂಬ ವೈದ್ಯ ಕಟ್ಟಪ್ಪಣೆ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಬಹಳ ಮಂದಿ ಒಪ್ಪಲಿಲ್ಲ. ತಮ್ಮಂಥವರ ಕೈ ಹೊಲಸು ಎನ್ನುವುದೇ ಅವರಿಗೆ ಅವಮಾನ! ಹುಟ್ಟಿನ ಮಡಿ–ಮೈಲಿಗೆಯ ಸೊಕ್ಕನ್ನು ಬಲ್ಲ ನಮಗೆ ಈ ಬಗೆಯ ಮನಸ್ಸು ಅಪರಿಚಿತವೇನಲ್ಲ.

ಇನ್ನು ನಮ್ಮ ಮಾತು. ರೋಗಿಯನ್ನು ನೋಡಲು ಗಾಡಿ ತುಂಬ ಹೋಗುತ್ತೇವೆ. ಮಂಚದ ಮೇಲೆ ಕೂರುತ್ತೇವೆ, ಒಬ್ಬರ ತಲೆ ಸವರಿ ಪಕ್ಕದವರ ಕೈ ಹಿಡಿಯುತ್ತೇವೆ. ಪೂಜ್ಯರು ಬಂದರಂತೂ ಅವರ ಹಿಂದೆ ಹತ್ತು ಮಂದಿ ಐಸಿಯು ಒಳಗೆ ನುಗ್ಗುತ್ತಾರೆ; ತಡೆಯುವ ಧೈರ್ಯ ಯಾವ ನರ್ಸಿಗೂ ಆಗುವುದಿಲ್ಲ. ಬರೆಯಲು ಸಂಕೋಚವೇ, ಆದರೂ ಬರೆಯಬೇಕು. ಒಳಗೆ ಒಬ್ಬರೇ ಹೋಗಲಿ. ವಿಭೂತಿ ಹಚ್ಚುವ ಕೈಗೂ ಮೊದಲು ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಬೀಳಲಿ. ಇನ್ನೊಬ್ಬ ರೋಗಿಯನ್ನು ಮುಟ್ಟುವ ಮುನ್ನ ಮತ್ತೊಮ್ಮೆ ಬೀಳಲಿ.

ಮಠಗಳು ನಡೆಸುವ ಆಸ್ಪತ್ರೆಗಳಲ್ಲಿ ಒಂದು ನಿಯಮ ಬರಬೇಕು. ನೆಲ ಒರೆಸುವ ತಾಯಿಯೂ ದೊಡ್ಡ ಸರ್ಜನ್ನರನ್ನು ತಡೆದು ‘ಕೈ ತೊಳಕೊಂಡೀರೇನ್ರಿ?’ ಎಂದು ಕೇಳಬಹುದು. ಕೇಳಿದ್ದಕ್ಕೆ ಅವರನ್ನು ಯಾರೂ ಗದರುವಂತಿಲ್ಲ. ಈ ಪ್ರಶ್ನೆಯನ್ನು ಮೊದಲು ತಮಗೇ ಕೇಳುವಂತೆ ಪೂಜ್ಯರು ಅಪ್ಪಣೆ ಕೊಡಲಿ ಎಂಬುದು ನಮ್ಮ ಅರಿಕೆ.